ತಲೆಗೆ ಅರ್ಧ ಲೋಟ

ಅತ್ತೆ ಮಗಳ ಮನೆಗೆ ಬಂದ ಮೊದಲ ವಾರದಲ್ಲೇ ಅಳಿಯನಿಗೆ ಒಂದು ಸಂಗತಿ ಖಾತ್ರಿಯಾಯಿತು. ಈಕೆಯ ಕೈಗೆ ಸಣ್ಣದು ಎನ್ನುವುದೇ ಗೊತ್ತಿಲ್ಲ. ಬೇಳೆ ಬೇಕು ಎಂದರೆ ಮೂಟೆ ಬರುತ್ತಿತ್ತು, ಸೊಪ್ಪು ಎಂದರೆ ಹೊರೆ ಬರುತ್ತಿತ್ತು. ಕಿರಾಣಿ ಅಂಗಡಿಯವನು ಸಾಮಾನು ಹೊತ್ತು ಮೂರನೇ ಮಹಡಿಗೆ ಏದುಸಿರು ಬಿಡುತ್ತಾ ಬಂದು, ಮನೆಯೊಳಗೆ ಒಮ್ಮೆ ಇಣುಕಿ, "ಮದುವೆ ಏನಾದ್ರೂ ಇದೆಯಾ ಸಾರ್?" ಎಂದು ಕೇಳಿದ. ಮನೆಯಲ್ಲಿದ್ದದ್ದು ಎರಡು ಕೋಣೆ, ಮತ್ತೊಂದು ಅಡುಗೆಮನೆ. ಆ ಅಡುಗೆಮನೆಯಲ್ಲಿ ಒಬ್ಬರು ತಿರುಗಬೇಕೆಂದರೆ ಇನ್ನೊಬ್ಬರು ಹೊರಗೆ ಬರಬೇಕು.

ಅತ್ತೆಯನ್ನು ದೂರುವಂತೆಯೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವರು ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆಗೆ ಸೇರಿದ್ದರು. ಕಂಕುಳಲ್ಲಿ ಮಗಳನ್ನಿಟ್ಟುಕೊಂಡು ಹೋದವರು, ಆ ಮಗಳಿಗೆ ಮದುವೆಯಾಗಿ ಕೆಲಸ ಸಿಕ್ಕಿದ ಮೇಲೂ ಅಲ್ಲೇ ಇದ್ದರು. ಈ ವರ್ಷ ಮೊಣಕಾಲು ಮುಷ್ಕರ ಹೂಡಿತು. ಮಗಳು ಹೋಗಿ, ಅತ್ತು ಕರೆದು, ಅವರನ್ನು ಕರೆತಂದಳು. ಅವಳಿಗೆ ಇದ್ದ ಆಸೆ ಒಂದೇ. ಚಿಕ್ಕಂದಿನಿಂದ ಅಮ್ಮನನ್ನು ನೂರಾರು ಹುಡುಗಿಯರ ಜೊತೆ ಹಂಚಿಕೊಂಡಿದ್ದಳು. ಇನ್ನಾದರೂ ಅಮ್ಮ ತನ್ನೊಬ್ಬಳಿಗೇ ಅಮ್ಮನಾಗಿರಲಿ.

ಆದರೆ ಹಾಸ್ಟೆಲಿನ ವಾರ್ಡನ್ನಮ್ಮ ಬೆನ್ನು ಬಿಡಲಿಲ್ಲ. ಹೊಸ ಅಡುಗೆಯವಳು ಸರಿಯಿಲ್ಲ, ರಜೆ ಮುಗಿದು ಹುಡುಗಿಯರು ಬರುವಷ್ಟರಲ್ಲಿ ಬಂದುಬಿಡಿ, ಕುಳಿತೇ ಮಾಡಿ, ಹೇಳಿ ಮಾಡಿಸಿ ಎಂದು ಫೋನು ಮಾಡುತ್ತಿದ್ದರು. ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ತಂದ ಬಟ್ಟೆಚೀಲವನ್ನು ಬಿಚ್ಚದೆ ಮಂಚದ ಕೆಳಗೆ ತಳ್ಳಿದರು. ದಿನಾ ಸೀರೆ ಬೇಕಾದಾಗ ಅದನ್ನು ಎಳೆದು, ಒಂದು ತೆಗೆದುಕೊಂಡು, ಮತ್ತೆ ಒಳಕ್ಕೆ ತಳ್ಳುತ್ತಿದ್ದರು. ಕಪಾಟಿನಲ್ಲಿ ಅವರಿಗೆಂದು ತೆರವು ಮಾಡಿದ್ದ ಖಾನೆ ಖಾಲಿಯೇ ಇತ್ತು. ಹೆಂಡತಿ ಆ ಖಾನೆಯನ್ನು ದಿನಾ ನೋಡುತ್ತಿದ್ದಳು, ಮತ್ತು ಅಳಿಯ ಹೆಂಡತಿಯನ್ನು ನೋಡುತ್ತಿದ್ದ.

ಊಟದ ವಿಷಯಕ್ಕೆ ಬಂದರೆ, ಆ ಮನೆಯಲ್ಲಿ ಆಗಲೇ ಒಬ್ಬ ಡಾಕ್ಟರು ಕೈಯಾಡಿಸಿದ್ದರು. ಹೆಂಡತಿಗೆ ರಕ್ತ ಕಡಿಮೆ, ಗಂಡನಿಗೆ ಹೊಟ್ಟೆ ಜಾಸ್ತಿ. ಬೇಕರಿ ತಿಂಡಿ ಬಿಡಿ, ಕಾಳು ತಿನ್ನಿ, ಸೊಪ್ಪು ತಿನ್ನಿ, ಪಾಲಿಶ್ ಮಾಡದ ಅಕ್ಕಿ ತನ್ನಿ ಎಂದಿದ್ದರು. ಅತ್ತೆ ಅದನ್ನು ಕೇಳಿಸಿಕೊಂಡು ತಲೆಯಾಡಿಸಿದರು. ಮರುದಿನ ಬಂದದ್ದೇ ಆ ಮೂಟೆಗಳು. ಕಡಲೆಕಾಳು, ಹೆಸರುಕಾಳು, ಕಂದು ಅಕ್ಕಿ, ಬಾದಾಮಿ, ಒಂದು ಡಬ್ಬ ಎಣ್ಣೆ. ಡಾಕ್ಟರು ಹೇಳಿದ್ದರಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ. ಇಬ್ಬರ ಆರೋಗ್ಯ ಸುಧಾರಿಸಲು ತಂದದ್ದರಲ್ಲಿ ಒಂದು ಬೀದಿಯ ಆರೋಗ್ಯ ಸುಧಾರಿಸಬಹುದಿತ್ತು.

ಆಮೇಲೆ ಆಗಬೇಕಾದದ್ದೇ ಆಯಿತು. ಕಾಳಿಗೆ ಹುಳ ಬಿತ್ತು. ಬಾದಾಮಿ ಕಮಟು ನಾತ ಹೊಡೆಯಿತು. ಆಲೂಗಡ್ಡೆ ಸಿಂಕಿನ ಕೆಳಗೆ ಕುಳಿತಲ್ಲೇ ಮೊಳಕೆ ಬಿಟ್ಟಿತು. ಫ್ರಿಜ್ಜಿನಲ್ಲಿ ಬೇಯಿಸಿದ್ದರ ಮೇಲೆ ಬೇಯಿಸಿದ್ದು ಪೇರಿಕೊಂಡು, ತಳದ ಡಬ್ಬಿಯಲ್ಲಿ ಏನಿದೆ ಎಂದು ತೆಗೆದು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ಭಾನುವಾರ ಹೆಂಡತಿಯೇ ಧೈರ್ಯ ಮಾಡಿದಳು. ಬಕೆಟ್ ತುಂಬಿತು.

"ಅಮ್ಮ, ಇದೇನು ಹಾಸ್ಟೆಲ್ ಅಂದ್ಕೊಂಡಿದೀಯಾ?" ಎಂದಳು.

"ಹಾಸ್ಟೆಲ್ಲಲ್ಲಿ ಒಂದು ಅಗುಳೂ ಬಿಸಾಡ್ತಿರಲಿಲ್ಲ" ಎಂದರು ಅತ್ತೆ. ಬಕೆಟ್ಟನ್ನು ನೋಡಿ ಅವರ ಮುಖ ಸಣ್ಣದಾಯಿತು. "ನನ್ನ ಕೈ ಈ ಮನೆಗೆ ಒಗ್ಗಲ್ಲ ಕಣೇ. ಸುಮ್ಮನೆ ನಿಮಗೆ ತೊಂದರೆ."

ಹಾಗೆಂದು ಹೋಗಿ ಮಂಚದ ಕೆಳಗಿನ ಚೀಲವನ್ನು ಅರ್ಧ ಈಚೆಗೆಳೆದರು. ಹೆಂಡತಿ ನಾಲಿಗೆ ಕಚ್ಚಿಕೊಂಡು ಗಂಡನ ಮುಖ ನೋಡಿದಳು. ಏನಾದರೂ ಮಾಡಿ ಎನ್ನುವ ನೋಟ ಅದು. ಆ ನೋಟಕ್ಕೆ ಅಳಿಯನ ಬಳಿ ಉತ್ತರ ಸಿದ್ಧವಾಗಿತ್ತು, ಅವನ ದುರದೃಷ್ಟ.

ಅಳಿಯ ಔಷಧಿ ಗೋದಾಮೊಂದರಲ್ಲಿ ದಾಸ್ತಾನು ನೋಡಿಕೊಳ್ಳುವವನು. ಅವಧಿ ಮೀರುವ ಮೊದಲು ಮಾಲು ಹೊರಗೆ ಹೋಗಬೇಕು, ಬೇಕಾದಷ್ಟೇ ಒಳಗೆ ಬರಬೇಕು, ಇದು ಅವನ ಉಸಿರು. ಅಲ್ಲಿ ಅವನಿಗೆ 'ತಾರೀಖು' ಎಂದೇ ಅಡ್ಡಹೆಸರು. ಕೆಲಸದವರು ಹಿಂದಿನಿಂದ ಹಾಗೆ ಕರೆದು ನಗುತ್ತಾರೆಂದು ಅವನಿಗೂ ಗೊತ್ತಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು.

"ಅತ್ತೆ, ಚೀಲ ಒಳಗೆ ಹಾಕಿ. ಇದೆಲ್ಲ ಸುಲಭ. ನಾನು ಹೇಳಿಕೊಡ್ತೀನಿ" ಎಂದ.

ಹೇಳಿಕೊಟ್ಟ. ಹಳೆಯದು ಮುಂದೆ, ಹೊಸದು ಹಿಂದೆ. ಅಂಗಡಿಗೆ ಹೊರಡುವ ಮೊದಲು ಡಬ್ಬಿ ತೆಗೆದು ನೋಡಬೇಕು. ಕಾಳು ಎರಡು ಬೆರಳಿನಷ್ಟು ಇಳಿಯುವ ತನಕ ಹೊಸದು ತರುವಂತಿಲ್ಲ. ಸೊಪ್ಪು ತಂದರೆ ಮೊದಲು ಅದೇ ಆಗಬೇಕು, ಗೆಡ್ಡೆ ಕಾಯುತ್ತದೆ. ಬಾದಾಮಿ ಒಂದು ಹಿಡಿ ಸಾಕು, ಅದೂ ಬಿಗಿ ಮುಚ್ಚಳದಲ್ಲಿ. ಕೊನೆಗೆ ಸ್ಟೀಲಿನ ಲೋಟವೊಂದನ್ನು ತಂದು ಅಕ್ಕಿ ಡಬ್ಬಿಯಲ್ಲಿ ಅದ್ದಿ ಎತ್ತಿ ತೋರಿಸಿದ. "ಅಕ್ಕಿ ತಲೆಗೆ ಅರ್ಧ ಲೋಟ. ಕಾಳು ಅದರಲ್ಲಿ ಅರ್ಧ. ಅಷ್ಟೇ. ತಲೆ ಎಣಿಸಿ, ಲೋಟ ಹಾಕಿ, ಮರೆತುಬಿಡಿ."

"ತಲೆಗೆ ಅರ್ಧ ಲೋಟ" ಎಂದು ಅತ್ತೆ ಹೇಳಿಕೊಂಡರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಕೊಳಗದಲ್ಲಿ ಅಳೆದು ರೂಢಿಯಾದ ಕೈಗೆ ಅದು ಆಟದ ಸಾಮಾನಿನ ಹಾಗೆ ಕಂಡಿರಬೇಕು.

ಆದರೆ ಕಲಿತರು. ಅಳಿಯನೇ ಬೆರಗಾಗುವಷ್ಟು ಬೇಗ ಕಲಿತರು. ಮೂಟೆಗಳು ಅಕ್ಕಪಕ್ಕದ ಮನೆಗಳಿಗೆ ಹಂಚಿಹೋದವು. ಅಡುಗೆಮನೆಯ ಶೆಲ್ಫಿನ ಮೇಲೆ ಗಾಜಿನ ಡಬ್ಬಿಗಳು ಸಾಲಾಗಿ ನಿಂತವು. ಅತ್ತೆ ವಾರಕ್ಕೆ ಎರಡು ಸಲ ಸಣ್ಣ ಚೀಲ ಹಿಡಿದು, ಮೊಣಕಾಲಿಗೆ ನೋವಾಗದಂತೆ ನಿಧಾನವಾಗಿ ತಾವೇ ಮೆಟ್ಟಿಲಿಳಿದು ಹೋಗಿ, ಬೇಕಾದಷ್ಟನ್ನೇ ತಂದರು. ಫ್ರಿಜ್ಜಿನ ದೀಪ ಬಹಳ ದಿನಗಳ ಮೇಲೆ ಹಿಂಬದಿಯ ಗೋಡೆಯನ್ನು ಮುಟ್ಟಿತು. ಕಸದ ಬುಟ್ಟಿಗೆ ಸಿಪ್ಪೆ ಬಿಟ್ಟು ಬೇರೇನೂ ಬೀಳುತ್ತಿರಲಿಲ್ಲ. ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಕುಳಿತು ಉಂಡು, ಮಧ್ಯಾಹ್ನದ ಬುತ್ತಿ ಹಿಡಿದು ಕೆಲಸಕ್ಕೆ ಹೊರಡುತ್ತಿದ್ದರು. ರಾತ್ರಿ ಬಂದಾಗ ಬಿಸಿಬಿಸಿ ಇರುತ್ತಿತ್ತು. "ನೀನೂ ಕೂತ್ಕೋ ಅಮ್ಮ" ಎಂದರೆ, "ನೀವು ಮಾಡಿ, ನಂದು ಆಮೇಲೆ" ಎನ್ನುತ್ತಿದ್ದರು. ಅಡುಗೆ ಮಾಡುವವರು ಹಾಗೆ ಹೇಳುವುದು ಹೊಸದೇನಲ್ಲ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಳಿಯ ಗೋದಾಮಿನಲ್ಲಿ ಚಹಾದ ಹೊತ್ತಿಗೆ ಈ ಕಥೆಯನ್ನು ಎದೆಯುಬ್ಬಿಸಿ ಹೇಳಿದ. ಹೇಳಿದ್ದನ್ನೇ ಮತ್ತೆ ಹೇಳಿದ. ಹಾಸ್ಟೆಲಿಗೆ ಬೇಯಿಸಿದ ಕೈಯನ್ನು ಒಂದು ಲೋಟಕ್ಕೆ ಇಳಿಸಿದ್ದೇನೆ ನೋಡಿ ಎಂದ. ಅತ್ತೆಯ ರವಿಕೆ ಭುಜದಲ್ಲಿ ಜಾರುತ್ತಿದ್ದುದು, ಬಳೆಗಳು ಮೊಣಕೈ ತನಕ ಓಡಾಡುತ್ತಿದ್ದುದು ಅವನ ಕಣ್ಣಿಗೂ ಬಿದ್ದಿತ್ತು. ಬಿದ್ದಾಗ ಅವನು ಅಂದದ್ದು ಇಷ್ಟು: "ನೋಡಿದ್ರಾ ಅತ್ತೆ, ಮೆಟ್ಟಿಲು ಹತ್ತಿ ಇಳಿದದ್ದು ಮೈಗೆ ಎಷ್ಟು ಒಳ್ಳೇದಾಯ್ತು." ಅತ್ತೆ ನಕ್ಕರು. ಚೀಲ ಇನ್ನೂ ಮಂಚದ ಕೆಳಗೇ ಇತ್ತು, ಹಾಸ್ಟೆಲಿನ ರಜೆ ಮುಗಿಯುತ್ತಾ ಬಂದಿತ್ತು.

ಒಂದು ದಿನ ಗೋದಾಮಿನಲ್ಲಿ ಕರೆಂಟು ಹೋಯಿತು. ಸಂಜೆ ತನಕ ಬರುವುದಿಲ್ಲ ಎಂದು ತಿಳಿದ ಮೇಲೆ ಎಲ್ಲರನ್ನೂ ಮನೆಗೆ ಕಳಿಸಿದರು. ಅಳಿಯ ಮಧ್ಯಾಹ್ನದ ಹೊತ್ತಿಗೆ ತನ್ನ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಬಂದ. ಅಡುಗೆಮನೆಯಲ್ಲಿ ಅತ್ತೆ ಮೋಟು ಸ್ಟೂಲಿನ ಮೇಲೆ ಕುಳಿತಿದ್ದರು. ಕಾಳು ಬೇಯಿಸಿದ ಪಾತ್ರೆ ಮಡಿಲಲ್ಲಿತ್ತು. ಅದಕ್ಕೆ ಬಿಸಿನೀರು ಹಾಕಿ ಸುತ್ತಲೂ ತೊಳೆದು, ಆ ನೀರಿನಲ್ಲಿ ಬ್ರೆಡ್ಡಿನ ತುದಿಯೊಂದನ್ನು ಅದ್ದಿ ತಿನ್ನುತ್ತಿದ್ದರು.

"ಏನತ್ತೆ ಮಾಡ್ತಿದೀರಿ?"

"ಊಟ" ಎಂದರು. ಎದ್ದೇಳಲು ಹೋದವರನ್ನು ಅವನು ಕೂರಿಸಿದ.

"ಪಾತ್ರೆ ಖಾಲಿ ಇದೆಯಲ್ಲ."

"ತಳದಲ್ಲಿ ಸ್ವಲ್ಪ ಹಿಡ್ಕೊಂಡಿರುತ್ತೆ. ಬಿಸಿನೀರು ಹಾಕಿದ್ರೆ ಬಿಡುತ್ತೆ." ಅತ್ತೆ ಪಾತ್ರೆಯನ್ನು ಓರೆ ಮಾಡಿ ತೋರಿಸಿದರು. "ನಿಮ್ಮ ಲೆಕ್ಕ ಬಹಳ ಚೆನ್ನಾಗಿದೆ ಅಳಿಯಂದ್ರೇ. ಒಂದು ಕಾಳೂ ಉಳಿಯಲ್ಲ."

ಅದರಲ್ಲಿ ಕೊಂಕಿರಲಿಲ್ಲ. ಮನಸಾರೆ ಹೊಗಳಿದ್ದರು.

"ಬೆಳಿಗ್ಗೆ ಅಕ್ಕಿ ಎಷ್ಟು ಹಾಕಿದ್ರಿ?"

"ಒಂದು ಲೋಟ. ತಲೆಗೆ ಅರ್ಧ ಅಂದಿದ್ರಲ್ಲ. ಎರಡು ತಲೆ."

"ಮನೇಲಿ ಇರೋದು ಮೂರು ತಲೆ."

ಅತ್ತೆ ಬಾಗಿಲ ಕಡೆ ನೋಡಿದರು. "ಯಾರು ಬರ್ತಾರೆ?" ಎಂದು ಕೇಳಿದರು.

"ಯಾರೂ ಬರಲ್ಲ. ನೀವು."

"ನಾನಾ?" ಅವರಿಗೆ ನಗು ಬಂತು. "ನಾನು ಉಣ್ಣೋರ ಲೆಕ್ಕಕ್ಕೆ ಹೇಗೆ ಬರ್ತೀನಿ? ನಾನು ಬೇಯಿಸೋಳಲ್ವಾ."

ಅವನಿಗೆ ಅರ್ಥವಾಗಲಿಲ್ಲ ಎಂದು ಕಂಡು ಅತ್ತೆ ಬಿಡಿಸಿ ಹೇಳಿದರು. ಹಾಸ್ಟೆಲಿನಲ್ಲಿ ಉಗ್ರಾಣದಿಂದ ಸಾಮಾನು ಅಳೆದುಕೊಳ್ಳಬೇಕಾದದ್ದು ಹುಡುಗಿಯರ ತಲೆ ಲೆಕ್ಕಕ್ಕೆ. ಮಗಳ ಹೊಟ್ಟೆಯನ್ನೂ ಆ ಎಣಿಕೆಗೆ ಸೇರಿಸಿಕೊಳ್ಳಿ ಎಂದು ವಾರ್ಡನ್ನಮ್ಮನನ್ನು ಬೇಡಿಕೊಂಡಿದ್ದರು, ಅವರು ಒಪ್ಪಿದ್ದರು. ಮಗಳು ಹುಡುಗಿಯರ ಸಾಲಿನಲ್ಲೇ ಕುಳಿತು ಉಂಡು ಬೆಳೆದಳು. ಬೇಯಿಸುವವರಿಗೆ ಮಾತ್ರ ಎಣಿಕೆಯಿಲ್ಲ. ಎಲ್ಲರದ್ದೂ ಆದ ಮೇಲೆ ಉಳಿದದ್ದು ಅವರದ್ದು.

"ಅದಕ್ಕೇ ಅಳೆಯೋವಾಗ ಕೈ ಸ್ವಲ್ಪ ಧಾರಾಳ ಮಾಡ್ತಿದ್ದೆ. ಕೈ ದೊಡ್ಡದು ಅಂತ ಬೈಯೋರು. ಬೈದ್ರೆ ಬೈಲಿ. ಕೈ ದೊಡ್ಡದಾದ ದಿನ ನಂಗೆ ಊಟ."

"ಇಲ್ಲಿ ಹೇಳಬಹುದಿತ್ತಲ್ಲ ಅತ್ತೆ."

"ಏನಂತ ಹೇಳ್ಲಿ? ನೀವು ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ರಿ. ಮತ್ತೆ ಬಕೆಟ್ ತುಂಬಿದ್ರೆ ಯಾವ ಮುಖ ಇಟ್ಕೊಂಡು ಇಲ್ಲಿರ್ಲಿ? ಇರಬೇಕು ಅಂತ ನಂಗೂ ಆಸೆ ಇತ್ತು."

ಅಳಿಯನಿಗೆ ನಾಚಿಕೆಯಾಯಿತು. ರವಿಕೆ ಜಾರಿದ್ದನ್ನು ಕಂಡು ತಾನು ಆಡಿದ ಮಾತು ನೆನಪಾಗಿ ಕಿವಿ ಬಿಸಿಯಾಯಿತು. ಡಬ್ಬಿಯಲ್ಲಿ ಎರಡು ಬೆರಳು ಕಾಳು ಇಳಿದದ್ದು ಅವನಿಗೆ ದೂರದಿಂದಲೇ ತಿಳಿಯುತ್ತಿತ್ತು. ಎದುರಿಗೇ ಓಡಾಡುವ ಹೆಂಗಸು ಇಳಿದದ್ದು ತಿಳಿದಿರಲಿಲ್ಲ. ಮುಟ್ಟದೆ ವಾಪಸ್ಸು ತಂದಿದ್ದ ತನ್ನ ಬುತ್ತಿಯನ್ನು ಬಿಚ್ಚಿ ಅತ್ತೆಯ ಮುಂದಿಟ್ಟು, ಅವರು ಉಣ್ಣುವ ತನಕ ಅಲ್ಲೇ ನೆಲದ ಮೇಲೆ ಕುಳಿತ.

ಸಂಜೆ ಹೆಂಡತಿ ಬಂದಾಗ ಮೆಟ್ಟಿಲ ಬಳಿಯೇ ತಡೆದು ಎಲ್ಲ ಹೇಳಿದ. ಅವಳು ಅಳಲಿಲ್ಲ. ಕೈಚೀಲ ಹೆಗಲಲ್ಲೇ ಇಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಳು. "ರೀ, ಅಮ್ಮ ಊಟ ಮಾಡೋದನ್ನ ನಾನು ಯಾವತ್ತಾದ್ರೂ ನೋಡಿದೀನಾ ಅಂತ ಯೋಚನೆ ಮಾಡ್ತಿದೀನಿ" ಎಂದಳು. "ನೆನಪೇ ಬರ್ತಿಲ್ಲ."

ಒಳಗೆ ಹೋದವಳು ಸೀದಾ ಅಕ್ಕಿ ಡಬ್ಬಿ ತೆಗೆದಳು. ಎರಡು ಅರ್ಧ ಲೋಟ ಪಾತ್ರೆಗೆ ಹಾಕಿ, ಖಾಲಿ ಲೋಟವನ್ನು ಅಮ್ಮನ ಕೈಗೆ ಕೊಟ್ಟಳು.

"ನಿಂದು ನೀನೇ ಹಾಕು."

ಅತ್ತೆ ಲೋಟದಲ್ಲಿ ಅಕ್ಕಿ ಎತ್ತಿದರು. ಸ್ವಲ್ಪ ವಾಪಸ್ಸು ಸುರಿದರು. ಮತ್ತೆ ಎತ್ತಿದರು. ಎತ್ತರದ ಹುಡುಗಿ ಎಷ್ಟು ಉಣ್ಣುತ್ತಾಳೆ, ಮನೆ ಬಿಟ್ಟು ಬಂದ ಮೊದಲ ವಾರ ಎಷ್ಟು ಬಿಡುತ್ತಾಳೆ, ಪರೀಕ್ಷೆ ಬಂದರೆ ಎಷ್ಟು ಇಳಿಯುತ್ತದೆ, ಪರೀಕ್ಷೆ ಮುಗಿದ ದಿನ ಎಷ್ಟು ಏರುತ್ತದೆ, ಇದೆಲ್ಲ ಅವರಿಗೆ ಬಾಯಿಪಾಠ. ಈಗ ಲೋಟ ಹಿಡಿದು ನಿಂತೇ ಇದ್ದರು.

"ಎಷ್ಟು ಅಂತ ಗೊತ್ತಿಲ್ಲ ಕಣೇ" ಎಂದರು. "ಅಳೆದು ಉಂಡಿದ್ದೇ ಇಲ್ಲ."

ಮಗಳು ಅವರ ಕೈ ಹಿಡಿದು ಲೋಟ ತುಂಬಿಸಿ, ಮೇಲೆ ಗುಡ್ಡೆಯಾಗುವ ಹಾಗೆ ಇನ್ನೊಂದು ಹಿಡಿಯನ್ನೂ ಸೇರಿಸಿ ಪಾತ್ರೆಗೆ ಸುರಿದಳು. 'ತಾರೀಖು' ಅದನ್ನು ನೋಡಿಯೂ ಬಾಯಿ ಬಿಡಲಿಲ್ಲ, ಅಷ್ಟು ಬುದ್ಧಿ ಅವನಿಗೆ ಬಂದಿತ್ತು. ಮೂರು ತಟ್ಟೆ ಇಟ್ಟರು. ಬಡಿಸಲು ಯಾರೋ ಕೂಗಿಬಿಡುತ್ತಾರೆ ಎನ್ನುವವರಂತೆ ಅತ್ತೆ ಮೊದಲು ಅವಸರದಿಂದ ಉಂಡರು. ಯಾರೂ ಕೂಗಲಿಲ್ಲ. ಎರಡನೇ ಸಲ ಬಡಿಸಿಕೊಂಡಾಗ ನಿಧಾನವಾದರು. ಮೂರನೇ ಸಲ ಮಗಳು ಕೇಳದೆಯೇ ತಾವೇ ಸೌಟು ತೆಗೆದುಕೊಂಡರು. ಪಾತ್ರೆಯಲ್ಲಿ ಏನೂ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅಳಿಯ ಹಲ್ಲುಜ್ಜುತ್ತಾ ಅಡುಗೆಮನೆಗೆ ಬಂದಾಗ ಅತ್ತೆ ಅಕ್ಕಿ ಅಳೆಯುತ್ತಿದ್ದರು. ಅರ್ಧ, ಮತ್ತೆ ಅರ್ಧ. ಆಮೇಲೆ ಲೋಟವನ್ನು ಮೂರನೇ ಸಲ ಅದ್ದಿ, ಬೆಳಕಿಗೆ ಹಿಡಿದು ನೋಡಿ, "ನಂಗೆ ಮುಕ್ಕಾಲು ಬೇಕು" ಎಂದರು, ಅವನ ಮುಖ ನೋಡದೆ.

"ಹಾಕಿ ಅತ್ತೆ" ಎಂದ ಅವನು.

ಪೇಸ್ಟು ಉಗುಳಲು ಹೋಗುವಾಗ ಕಂಡಿತು: ಮಂಚದ ಕೆಳಗೆ ಏನೂ ಇರಲಿಲ್ಲ. ಕಪಾಟಿನ ಖಾನೆಯಲ್ಲಿ ಸೀರೆಗಳು ಮಡಿಕೆಯಾಗಿ ಕುಳಿತಿದ್ದವು. ಆ ಬಟ್ಟೆಚೀಲ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಅದರೊಳಗೆ ಈರುಳ್ಳಿ ಇತ್ತು, ಮೂರು ಜನಕ್ಕೆ ಆಗುವಷ್ಟು.