ತೂಕ ಬಂತಾ?

ಮೂರು, ನೀಲಿ ಮುಚ್ಚಳದಲ್ಲಿ ಇವತ್ತು ಮೂರು ಬಿಳಿ ಮಾತ್ರೆ, ಬಂದ ದಿನ ಒಂದೇ ಇತ್ತು, ಆಮೇಲೆ ಎರಡಾಯಿತು, ಅನಸೂಯ ಮಂಚದ ಮೇಲೆ ಕೂತಲ್ಲಿಂದಲೇ ಇನ್ನೊಮ್ಮೆ ಎಣಿಸಿದಳು, ಇವಳೆಲ್ಲಿ ಎಣಿಸುತ್ತಾಳೆ ಅಂದುಕೊಂಡಿದ್ದಾರೆ ಪಾಪ, ಸಂಜೆ ಐದಕ್ಕೇ ತಂದು ಕಿಟಕಿಕಟ್ಟೆಯ ಮೇಲಿಟ್ಟು ಹೋಗುತ್ತಾಳೆ ವಾಸಂತಿ ಸಿಸ್ಟರ್, ಊಟವಾದ ಮೇಲೆ ನುಂಗಬೇಕಂತೆ, ಇದು ತೂಕ್ಕ ಮಾತ್ತಿರೈಮ್ಮಾ ಅನ್ನುತ್ತಾಳೆ ನಗುನಗುತ್ತಾ — ತೂಕದ ಮಾತ್ರೆ! ಬಾಯಿಬಿಟ್ಟೇ ಹೇಳುತ್ತಾಳಲ್ಲ, ಎಷ್ಟು ಧೈರ್ಯ, ಬಂದ ದಿನವೇ ಬಾಗಿಲ ಹತ್ತಿರದ ಯಂತ್ರದ ಮೇಲೆ ನಿಲ್ಲಿಸಿ ನಲವತ್ತಾರು ಕಿಲೋ ಅಂತ ಬರೆದುಕೊಂಡರು, ಅವತ್ತಿನಿಂದ ದಿನಾ ಒಂದೇ ವರಾತ, ತೂಕ್ಕಂ ವಂದುಚ್ಚಾಮ್ಮಾ, ತೂಕ ಬಂತಾ, ಬಂತಾ, ಹಬ್ಬದ ಕುರಿಯನ್ನು ಕೇಳಿದ ಹಾಗೆ, ಇವಳೂ ಬಿಡಲಿಲ್ಲ, ಇಲ್ಲ, ಇಲ್ಲ, ಒಂಬತ್ತು ದಿನವೂ ಇಲ್ಲ, ಬಳೆ ಮೊಣಕೈವರೆಗೂ ಜಾರುತ್ತೆ ನೋಡಿ ಅಂತ ಕೈ ಎತ್ತಿ ತೋರಿಸಿದ್ದಳು, ಸಿಸ್ಟರ್ ಲೊಚಗುಟ್ಟಿ ಏನೋ ಗೀಚಿಕೊಂಡು ಹೋಗಿದ್ದಳು. ಇವಳನ್ನು ಉಬ್ಬಿಸಿ, ಎಷ್ಟು ಚೆನ್ನಾಗಿ ನೋಡಿಕೊಂಡೆವು ಅಂತ ಮೈಸೂರಿನ ಅಣ್ಣನಿಗೆ ತೋರಿಸುವುದಕ್ಕೇ ಇರಬೇಕು.

ಎಲ್ಲಾ ಎಗ್ಮೋರಿನಿಂದ ಶುರುವಾದದ್ದು, ಅಲ್ಲ, ಅದಕ್ಕೂ ಮುಂಚೆ, ನುಂಗಂಬಾಕ್ಕಂನ ಮನೆಗೆ ಬಂದು ಎಂಟು ತಿಂಗಳಾಗಿತ್ತು, ಅಡುಗೆಮನೆ ಕಿಟಕಿಯಾಚೆ ಹೆಂಗಸರು ಇವಳ ಹೆಸರು ಹಿಡಿದು ತಮಿಳಿನಲ್ಲಿ ಪಿಸುಗುಡುತ್ತಿದ್ದರು, ಪ್ರತಾಪ್ ನಂಬಲಿಲ್ಲ, ಕಟ್ಟಿಕೊಂಡ ಗಂಡ ನಂಬಬೇಡವೇ, ಸೊಂಟದ ಪೇಜರ್ ಕಿರ್ರೆಂದರೆ ಎದ್ದು ಓಡುತ್ತಾನೆ, ಹೆಂಡತಿ ಅಂದದ್ದು ಕಿವಿಗೇ ಬೀಳುವುದಿಲ್ಲ, ಅದಕ್ಕೇ ಒಂದು ಮಧ್ಯಾಹ್ನ ಮಗಳು ತೇಜುವನ್ನು ಸ್ಕೂಲಿನಿಂದ ಕರೆದುಕೊಂಡು ನೇರ ಎಗ್ಮೋರ್ ಸ್ಟೇಷನ್ನು, ಮೈಸೂರಿಗೆ ಟಿಕೆಟ್ ಕೊಡಿ ಅಂದರೆ ಕೌಂಟರಿನವನು ಆ ರೈಲು ಇಲ್ಲಿಂದಲ್ಲ, ಸೆಂಟ್ರಲ್ ಸ್ಟೇಷನ್ನಿಗೆ ಹೋಗಮ್ಮಾ ಅಂದ, ಅವನೂ ಇವರ ಕಡೆಯವನೇ ಅಂತ ಅಲ್ಲೇ ಕೂತುಬಿಟ್ಟಳು, ಮಗು ಅಳುತ್ತಿತ್ತು, ಪೊಲೀಸಿನವರು ಫೋನು ಮಾಡಿದರು, ಮಾರನೇ ದಿನವೇ ಕೀಲ್ಪಾಕಿನ ಈ ಮಾನಸಿಕ ಆಸ್ಪತ್ರೆ. ನಿದ್ದೆ ಸರಿಹೋದರೆ ಮನೆಗೆ ಕಳಿಸ್ತಾರಂತೆ ಅನು, ಅನ್ನುತ್ತಾನೆ ಪ್ರತಾಪ್, ಸುಳ್ಳು, ಹಸಿ ಸುಳ್ಳು, ಕೊರಡಿನ ಹಾಗೆ ಬಿದ್ದು ನಿದ್ದೆ ಮಾಡುತ್ತಿದ್ದಾಳೆ ಇವಳು, ಒಂಬತ್ತು ದಿನದಲ್ಲಿ ಒಬ್ಬರಾದರೂ ನಿದ್ದೆ ಬಂತಾ ಅಂತ ಕೇಳಿದರಾ?

ಚಪ್ಪಲಿಯ ಸದ್ದು, ಅವರೇ, ಮುಂದೆ ಪ್ರತಾಪ್, ಹಿಂದೆ ಯೂನಿಫಾರ್ಮಿನಲ್ಲೇ ತೇಜು, ತಲೆ ಯಾರು ಬಾಚಿದರೋ, ಬೈತಲೆ ಸೊಟ್ಟ, ಬಾ ಕಂದಾ, ತೊಡೆ ಮೇಲೆ ಬಾ, ತಿಂಡಿ ತಿಂದೆಯಾ ಅಂದರೆ ಸಾಪ್ಟೇನ್ ಅನ್ನುತ್ತದೆ, ಕನ್ನಡದಲ್ಲಿ ಹೇಳೇ ಅಂದರೂ ತಮಿಳೇ, ಆಕಳಿಸಿತು, ಕಣ್ಣುಜ್ಜಿಕೊಂಡಿತು, ಎದೆಗೆ ತಲೆಯಿಟ್ಟು, ಅಮ್ಮಾ, ತೂಕ್ಕಮಾ ವರುದು — ಏನಂದೆ, ತೂಕವಾ, ಏನೇ ಅದು ತೇಜು, ಅಯ್ಯೋ ಅಮ್ಮಾ, ನಿದ್ದೆ, ನಿದ್ದೆ ಬರ್ತಿದೆ ಅಂದೆ, ಅಷ್ಟೂ ಗೊತ್ತಿಲ್ವಾ. ನಿದ್ದೆ. ತೂಕ್ಕಂ ಅಂದರೆ ನಿದ್ದೆ. ನಿದ್ದೆ ಬಂತಾ ಅಂದವಳಿಗೆ ಇಲ್ಲ ಇಲ್ಲ ಅಂತ ಬಳೆ ಎತ್ತಿ ತೋರಿಸಿದ್ದು, ಅಯ್ಯೋ ನನ್ನ ಕರ್ಮವೇ, ನಗು ಬಂತು — ಆದರೆ ಪ್ರತಾಪನಿಗೆ ಈ ಮಾತು ಗೊತ್ತಿತ್ತು, ಇವಳಿಗಿಂತ ಮುಂಚೆಯೇ ಈ ಊರಿಗೆ ಬಂದು ಮೂರು ವರ್ಷದಿಂದ ನೀರು ಕುಡಿದ ಹಾಗೆ ತಮಿಳು ಮಾತಾಡುವವನು, ದಿನಾ ಸಂಜೆ ಇಲ್ಲೇ ನಿಂತು ಕೇಳಿಸಿಕೊಂಡವನು, ಬಳೆ ತೋರಿಸಿದಾಗಲೂ ಪಕ್ಕದಲ್ಲೇ ಇದ್ದ, ಪೇಜರ್ ನೋಡುತ್ತಿದ್ದನೋ, ನಿಜಕ್ಕೂ ಇವಳಿಗೆ ನಿದ್ದೆಯಿಲ್ಲ ಅಂತಲೇ ನಂಬಿದ್ದನೋ, ಯಾರಿಗೆ ಗೊತ್ತು.

ಹೇಳಿಬಿಡಬೇಕು, ಈಗಲೇ, ಬಂದಳು ವಾಸಂತಿ ಸಿಸ್ಟರ್, ಕೈಯಲ್ಲಿ ಹಾಳೆ, ಮಾತ್ರೆಯ ತಟ್ಟೆ, ತೂಕ್ಕಂ ವಂದುಚ್ಚಾಮ್ಮಾ, ಬಂತು, ಬಂತು ಸಿಸ್ಟರ್, ಮೊದಲ ದಿನದಿಂದಲೂ ಬರ್ತಿದೆ, ಕೂಗಿಯೇ ಬಿಟ್ಟಳು, ಸಿಸ್ಟರ್ ಪೆನ್ನು ತಡೆದು ನೋಡಿದ್ದು ಇವಳನ್ನಲ್ಲ, ಪ್ರತಾಪನನ್ನು, ಅಪ್ಪಡಿಯಾ ಸಾರ್, ಹೌದು ಅನ್ನಿ, ರೀ, ಹೌದು ಅನ್ನಿ, ನಾಳೆ ಮನೆ, ನಾಳೆ ತೇಜುವಿನ ಬೈತಲೆ ನಾನೇ ತೆಗೀತೀನಿ — ಪ್ರತಾಪ್ ಕತ್ತು ಕೆರೆದುಕೊಂಡ, ಸಿಸ್ಟರ್, ಮನೆಗೆ ಹೋಗೋ ಆಸೆಗೆ ಹೇಳ್ತಿದಾಳೆ, ನಿನ್ನೆವರೆಗೂ ಇಲ್ಲ ಅಂತಲೇ ಅಂದಳಲ್ಲ, ಎಲ್ಲಾ ತಮಿಳಿನಲ್ಲೇ, ಆ ಒಂದು ಪದ ಸಿಕ್ಕ ಮೇಲೆ ಒಂದೊಂದು ಮಾತೂ ಈಗ ತಿಳಿಯುತ್ತಿದೆ, ಇವತ್ತೂ ನಿದ್ದೆಯಿಲ್ಲದಿದ್ದರೆ ಇನ್ನೊಂದು ಸೇರಿಸಿ ಅಂತ ಡಾಕ್ಟರ್ ಹೇಳಿದ್ದಾರೆ ಸಾರ್, ಸಿಸ್ಟರ್ ತಟ್ಟೆಗೆ ಕೈ ಹಾಕಿದಳು, ಟಕ್, ನೀಲಿ ಮುಚ್ಚಳ, ನಾಲ್ಕು, ನೀಲಿ ಮುಚ್ಚಳದಲ್ಲಿ ನಾಲ್ಕು ಬಿಳಿ, ನಾಲ್ಕು —