ಗಾಣದ ಸದ್ದು

ಅಪ್ಪನಿಗೆ ಗೋದಾಮಿನಲ್ಲಿ ಇದ್ದ ಹೆಸರು ಗಾಣ. ಮೂಟೆ ಹೊರುವವರು ಇಟ್ಟ ಹೆಸರದು. ಹೆಸರಿಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಮೇಸ್ತ್ರಿಯಾಗಿದ್ದ ಅಪ್ಪ ಯಾರನ್ನೂ ಬೈಯುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ. ತಪ್ಪು ಮಾಡಿದವನ ಎದುರು ಹೋಗಿ ನಿಂತು, ತುಟಿ ಮುಚ್ಚಿಕೊಂಡು ಕಟಕಟ ಹಲ್ಲು ಕಡಿಯುತ್ತಿದ್ದ. ದವಡೆ ನಿಧಾನವಾಗಿ ಆ ಕಡೆಗೂ ಈ ಕಡೆಗೂ ತಿರುಗುತ್ತಿತ್ತು. ಆಮೇಲೆ ಕೈ ಏಳುತ್ತಿತ್ತು.

ಮನೆಯಲ್ಲೂ ಅದೇ ಗಾಣ, ಅದೇ ಕೈ. ಗೋದಾಮಿನವರಿಗಾದರೆ ಸಂಜೆ ಬಿಡುಗಡೆಯಿತ್ತು, ಮಗಳಿಗೆ ಸಂಜೆಯೇ ಶುರು. ಅಡುಗೆಮನೆಯ ಮೂಲೆಯಲ್ಲಿ ಕೂತು ಪಾಠ ಬರೆಯುತ್ತಿದ್ದವಳಿಗೆ ಹಜಾರದಿಂದ ಆ ಸದ್ದು ಕೇಳಿದರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು. ಅಣ್ಣ ಜಾಣ, ಹಿತ್ತಿಲ ಬಾಗಿಲಿನಿಂದ ಪರಾರಿಯಾಗುತ್ತಿದ್ದ. ಅಮ್ಮ ಒಲೆಯ ಕಡೆ ಮುಖ ತಿರುಗಿಸಿಕೊಂಡು ಇಲ್ಲದ ಕೆಲಸ ಹುಡುಕುತ್ತಿದ್ದಳು. ಸಿಗುತ್ತಿದ್ದವಳು ಇವಳೊಬ್ಬಳೇ.

ಅಮ್ಮ ತೀರಿಕೊಂಡ ಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ರಾತ್ರಿ ಅವನ ಕೋಣೆಯಲ್ಲಿ ಮಲಗುವವರು ಯಾರು ಎಂಬ ಪ್ರಶ್ನೆ ಏಳಲೇ ಇಲ್ಲ. ಮದುವೆಯಾಗದ ಮಗಳೊಬ್ಬಳು ಮನೆಯಲ್ಲಿದ್ದರೆ ಇಂಥ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. ಅಪ್ಪನ ಮಂಚದ ಪಕ್ಕ ನೆಲದ ಮೇಲೆ ಅವಳ ಹಾಸಿಗೆ ಬಿತ್ತು.

ಕೆಲವು ತಿಂಗಳು ಎಲ್ಲವೂ ಸದ್ದಿಲ್ಲದೆ ನಡೆಯಿತು. ಆಮೇಲೆ ಒಂದು ರಾತ್ರಿ ಅಪ್ಪನ ನಿದ್ದೆಯಲ್ಲಿ ಗಾಣ ತಿರುಗತೊಡಗಿತು. ಕಟಕಟ, ಕರಕರ, ನಡುವೆ ಸ್ವಲ್ಪ ಬಿಡುವು, ಮತ್ತೆ ಕಟಕಟ. ನಲವತ್ತು ದಾಟಿದ ಹೆಂಗಸು ಕತ್ತಲಲ್ಲಿ ಎದ್ದು ಕೂತು, ಇವತ್ತು ತನ್ನಿಂದ ಏನು ತಪ್ಪಾಯಿತು ಎಂದು ಯೋಚಿಸುತ್ತಿದ್ದಳು. ಹಾಲು ಹೆಚ್ಚು ಬಿಸಿಯಿತ್ತೇ, ಮಗ್ಗುಲು ಬದಲಿಸುವಾಗ ಒರಟಾದೆನೇ. ಏಳಲಾರದ ಕೈ ಅದು ಎಂದು ಗೊತ್ತಿತ್ತು. ಹಾಗಿದ್ದೂ ಗೋಡೆಗೆ ಅಂಟಿಕೊಂಡು ಬೆಳಗು ಮಾಡುತ್ತಿದ್ದಳು.

ಅವಳಿಗೆ ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಹಾಳೆ ಕತ್ತರಿಸುವ ಯಂತ್ರದ ಮುಂದೆ ನಿಂತು, ರಟ್ಟನ್ನು ಅಲಗಿನ ಕೆಳಗೆ ತಳ್ಳಿ, ಅಲಗು ಇಳಿಯುವ ಮೊದಲು ಕೈ ಹಿಂದಕ್ಕೆ ತೆಗೆಯಬೇಕು. ಅಷ್ಟೇ ಕೆಲಸ, ಆದರೆ ತೂಕಡಿಸುವವರಿಗೆ ಹೇಳಿ ಮಾಡಿಸಿದ್ದಲ್ಲ. ಒಂದು ಮಧ್ಯಾಹ್ನ ಅವಳ ರೆಪ್ಪೆ ಕೂಡಿತು, ಅಲಗು ಇಳಿಯಿತು, ತೋಳಿನ ತುದಿಯ ಬಟ್ಟೆ ರಟ್ಟಿನ ಜೊತೆಗೇ ನೀಟಾಗಿ ತುಂಡಾಯಿತು.

ಮೇಲ್ವಿಚಾರಕ ಓಡಿ ಬಂದ. "ಅಕ್ಕ, ಇವತ್ತು ಬಟ್ಟೆ ಹೋಯ್ತು. ನಾಳೆ ಬೆರಳು ಹೋದ್ರೆ ನಾನು ಎಲ್ಲಿಂದ ತಂದು ಅಂಟಿಸ್ಲಿ?" ಎಂದ. ಅವಳು ತುಂಡಾದ ಬಟ್ಟೆ ಹೆಕ್ಕಿಕೊಳ್ಳುವಾಗ ಅವನೇ ಮುಂದುವರಿಸಿದ. "ಈ ವಾರ ನೋಡ್ತೀನಿ. ನಿದ್ದೆ ಸರಿಹೋಗ್ಲಿಲ್ಲ ಅಂದ್ರೆ ಮನೇಲೇ ಇದ್ದುಬಿಡಿ."

ಮನೆಯಲ್ಲೇ ಇರುವುದು ಎಂದರೆ ಹಗಲೂ ಆ ಕೋಣೆಯಲ್ಲೇ ಇರುವುದು. ಆ ಮಾತಿಗೆ ಅವಳು ಅಲಗಿಗಿಂತ ಹೆಚ್ಚು ಹೆದರಿದಳು. ಆ ಸಂಜೆಯೇ ಅಪ್ಪನ ಕೋಣೆಯಲ್ಲಿ ಅಣ್ಣ, ಅತ್ತಿಗೆಯರ ಮುಂದೆ ವಿಷಯ ತೆಗೆದಳು. ದಿನ ಬಿಟ್ಟು ದಿನ ಅಣ್ಣ ಇಲ್ಲಿ ಮಲಗಲಿ, ತನಗೆ ನಿದ್ದೆಯಿಲ್ಲ, ಕೆಲಸ ಹೋಗುತ್ತದೆ.

"ಕಿವಿಗೆ ಹತ್ತಿ ಇಟ್ಕೊಂಡು ಮಲ್ಕೋ," ಎಂದ ಅಣ್ಣ.

ಅತ್ತಿಗೆ ಅವನಿಗಿಂತ ಮುಂದಾಲೋಚನೆಯವಳು. "ಹಲ್ಲೆಲ್ಲಾ ತೆಗೆಸಿಬಿಟ್ರೆ ಆಯ್ತಪ್ಪ. ಹೇಗೂ ಅರೆದು ಕೊಟ್ಟಿದ್ದನ್ನೇ ತಿನ್ನೋದು. ಹಲ್ಲಿದ್ರೆ ತಾನೇ ಕಡಿಯೋದು?"

"ಗಾಣದ ಬುಡಕ್ಕೇ ಕೈ ಹಾಕ್ತಾಳೆ ನೋಡು ಇವಳು," ಎಂದು ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಮಂಚದ ಮೇಲೆ ಅಪ್ಪನ ಎಡಗೈ ಹೊದಿಕೆಯನ್ನು ಮುದ್ದೆ ಮಾಡಿ ಹಿಡಿದುಕೊಂಡಿತು. ಅದನ್ನು ಮೂವರೂ ನೋಡಿದರು. ಯಾರೂ ದನಿ ತಗ್ಗಿಸಲಿಲ್ಲ.

ಮರುದಿನ ಅವಳು ರಜೆ ಹಾಕಿ, ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು, ಎರಡು ಬೀದಿ ಆಚೆಗಿದ್ದ ಹಲ್ಲಿನ ಡಾಕ್ಟರ ಹತ್ತಿರ ತಳ್ಳಿಕೊಂಡು ಹೋದಳು. ಡಾಕ್ಟರು ನಡುವಯಸ್ಸಿನ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ.

"ಎಲ್ಲಾ ಹಲ್ಲೂ ಕಿತ್ತುಹಾಕ್ಬೇಕಂತೆ," ಎಂದಳು ಮಗಳು.

"ಕೀಳೋಕೆ ಇದೇನು ಕಳೆ ಗಿಡಾನಾ? ಯಾಕೆ ಕೀಳ್ಬೇಕು?"

"ನಿದ್ದೇಲಿ ಕಡೀತಾರೆ. ಮೊದಲಿಂದಾನೂ ಸಿಟ್ಟಿನ ಮನುಷ್ಯರು. ಆಗ ಎಚ್ಚರ ಇದ್ದಾಗ ಕಡೀತಿದ್ರು, ಈಗ ನಿದ್ದೇಲಿ. ಸಿಟ್ಟು ಇನ್ನೂ ಇಳಿದಿಲ್ಲ ಡಾಕ್ಟ್ರೇ."

"ನಿದ್ದೇಲಿ ಹಲ್ಲು ಕಡಿಯೋರಿಗೆಲ್ಲಾ ಸಿಟ್ಟಿರುತ್ತೆ ಅಂತ ನಿಮಗೆ ಯಾರು ಹೇಳಿದ್ರು? ಪುಟ್ಟ ಮಕ್ಕಳೂ ಕಡೀತಾವೆ. ಚಿಂತೆ ಇರೋರು ಕಡೀತಾರೆ, ಲಕ್ವ ಆದೋರಲ್ಲೂ ಶುರುವಾಗುತ್ತೆ. ಬಾಯೊಳಗೆ ಏನಾದ್ರೂ ಇದ್ರೂ ದವಡೆ ಸುಮ್ನೆ ಇರಲ್ಲ. ಮೊದಲು ನೋಡೋಣ."

ಡಾಕ್ಟರು ದೀಪ ಹತ್ತಿರಕ್ಕೆ ಎಳೆದು, ಪುಟ್ಟ ಕನ್ನಡಿಯಿಂದ ಅಪ್ಪನ ಕೆನ್ನೆ ಸರಿಸಿ, ಒಂದೊಂದೇ ಹಲ್ಲನ್ನು ಉಕ್ಕಿನ ಕಡ್ಡಿಯಿಂದ ಮೆಲ್ಲಗೆ ತಟ್ಟುತ್ತಾ ಬಂದರು. ಎಡಗಡೆ ಕೆಳಗಿನ ದವಡೆಹಲ್ಲಿಗೆ ಬಂದಾಗ ಅಪ್ಪನ ಗಂಟಲಿನಿಂದ ಒಂದು ದನಿ ಹೊರಟಿತು. ಎಡಗೈ ಕುರ್ಚಿಯ ಹಿಡಿಯನ್ನು ಪಟಪಟ ಬಡಿಯಿತು, ಕಣ್ಣಿನಿಂದ ನೀರು ಇಳಿಯಿತು.

"ಸಿಕ್ತು," ಎಂದರು ಡಾಕ್ಟರು. "ಈ ಹಲ್ಲು ಸೀಳಿದೆ. ಅರ್ಧ ಚೂರು ಕೆನ್ನೆಗೆ ಚುಚ್ಚಿ ಹುಣ್ಣಾಗಿದೆ, ಬುಡದಲ್ಲಿ ಕೀವು ಬೇರೆ. ಎಷ್ಟು ದಿನದಿಂದ ಹೀಗಿದೆಯೋ. ನಿಮಗೋ ನನಗೋ ಆಗಿದ್ರೆ ಬೀದಿಗೆಲ್ಲಾ ಕೇಳೋ ಹಾಗೆ ಕಿರುಚ್ಕೊಳ್ತಿದ್ವಿ. ಇವರಿಗೆ ಹೇಳೋಕಾಗಲ್ಲ. ಗೊತ್ತಾಗೋದು ಮಾತ್ರ ಎಲ್ಲಾ ಗೊತ್ತಾಗುತ್ತೆ."

"ಹಾಗಾದ್ರೆ ಆ ಸದ್ದು?"

"ನೋವಮ್ಮ. ಬರೀ ನೋವು."

ಮಗಳು ಅಪ್ಪನ ಕಡೆ ನೋಡಿದಳು. ಅಪ್ಪ ಡಾಕ್ಟರ ಕೈಯಲ್ಲಿದ್ದ ಕಡ್ಡಿಯನ್ನೂ ಅವಳ ಮುಖವನ್ನೂ ಸರದಿಯಂತೆ ನೋಡುತ್ತಿದ್ದ. ಮುಂದೇನು ಬೀಳುತ್ತದೋ ಎಂದು ಕಾಯುವವನ ಕಣ್ಣು ಅದು. ಆ ಕಣ್ಣು ಅವಳಿಗೆ ಚೆನ್ನಾಗಿ ಗೊತ್ತು, ಆದರೆ ಎದುರಿನಿಂದ ನೋಡಿದ್ದು ಅದೇ ಮೊದಲು. ಅವಳಿಗೆ ಕನಿಕರ ಬರಬೇಕಿತ್ತು. ಬಂದೀತೆಂದು ಅವಳೂ ಒಂದು ಗಳಿಗೆ ಕಾದಳು. ಬಂದದ್ದು ಸಂತೋಷ. ಹೊಟ್ಟೆಯೊಳಗೆಲ್ಲ ತಣ್ಣಗಾಯಿತು.

ಡಾಕ್ಟರು ಹೇಳುತ್ತಲೇ ಇದ್ದರು. "ಇದೊಂದು ಹಲ್ಲು ತೆಗೆದ್ರೆ ಸಾಕು. ಲಕ್ವಕ್ಕೆ ಅಂತ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿರ್ತಾರಲ್ಲ, ಆ ಡಾಕ್ಟರನ್ನ ಒಂದು ಮಾತು ಕೇಳ್ಕೊಂಡು ನಾಳೇನೇ ಬನ್ನಿ. ಕೀವಿಗೆ, ನೋವಿಗೆ ಈ ಮಾತ್ರೆಗಳು. ಹುಣ್ಣಿಗೆ ಈ ಮುಲಾಮು. ಬಿಸಿನೀರಲ್ಲಿ ಬಟ್ಟೆ ಹಿಂಡಿ ಕೆನ್ನೆಗೆ ಇಡ್ತಾ ಇರಿ, ಬಿಗಿ ಸಡಿಲ ಆಗುತ್ತೆ. ಆಮೇಲೂ ಕಡೀತಿದ್ರೆ ಬೇರೆ ಉಪಾಯ ಇದೆ. ಮಾತ್ರೆ ಇವತ್ತೇ ಶುರು ಮಾಡಿ, ತಡ ಮಾಡ್ಬೇಡಿ."

"ಇಲ್ಲ ಡಾಕ್ಟ್ರೇ," ಎಂದಳು. ಕುರ್ಚಿ ತಳ್ಳಿಕೊಂಡು ವಾಪಸು ಬರುವಾಗ ಬೀದಿಯ ಗುಂಡಿಗಳನ್ನು ಅವಳು ತಪ್ಪಿಸಲಿಲ್ಲ. ಇಷ್ಟು ದಿನ ಹೆದರಿ ಸತ್ತದ್ದು ಇದಕ್ಕೇನಾ ಎಂದು ಒಂದೆರಡು ಸಲ ನಗುವೂ ಬಂತು.

ಬಾಗಿಲಲ್ಲೇ ಅಣ್ಣ ಕೇಳಿದ. "ಏನಂದ್ರು?"

"ಏನೂ ಇಲ್ವಂತೆ. ಲಕ್ವ ಆದೋರಿಗೆ ಹೀಗೆ ಆಗುತ್ತಂತೆ."

"ನಾನು ಹೇಳ್ಲಿಲ್ವಾ? ಸುಮ್ನೆ ರಜೆ ಹಾಳು ಮಾಡ್ಕೊಂಡೆ." ಅಣ್ಣ ಅಷ್ಟಕ್ಕೆ ಕೈತೊಳೆದುಕೊಂಡು ಒಳಗೆ ಹೋದ. ಹಲ್ಲು ಕೀಳಿಸುವ ತನ್ನ ಸಲಹೆ ಬಿದ್ದುಹೋಯಿತೆಂದು ಅತ್ತಿಗೆ ಮೂಗು ಮುರಿದಳು.

ಊಟ ಮುಗಿದ ಮೇಲೆ ಅವಳು ಅಪ್ಪನ ಬಾಯಿ ಒರೆಸಿ, ದಿಂಬು ಸರಿಮಾಡಿ, ಕೋಣೆಯ ಬಾಗಿಲು ಮುಚ್ಚಿದಳು. ಮಾತ್ರೆಗಳನ್ನೂ ಮುಲಾಮನ್ನೂ ಚೀಲದಿಂದ ತೆಗೆದು ಅಪ್ಪನಿಗೆ ಕಾಣುವಂತೆ ಹಿಡಿದಳು. ಅಪ್ಪ ಬಾಯಿ ತೆರೆದ. ಬಿದ್ದುಹೋದ ಬಲಗಡೆಯನ್ನು ಬಿಟ್ಟು ಎಡಗಡೆ ಎಷ್ಟು ತೆರೆಯುತ್ತದೋ ಅಷ್ಟು ತೆರೆದು, ಕಾದ. ಅವಳು ಕಪಾಟಿನ ಬಾಗಿಲು ತೆಗೆದು, ಎಲ್ಲವನ್ನೂ ತನ್ನ ಬಟ್ಟೆಗಳ ಅಡಿಗೆ ಇಟ್ಟು, ಚಿಲಕ ಹಾಕಿದಳು. ಅಪ್ಪನ ಬಾಯಿ ಇನ್ನೂ ತೆರೆದೇ ಇತ್ತು.

ಅವಳು ಮಂಚದ ಅಂಚಿನಲ್ಲಿ ಕೂತಳು.

"ತುಂಬಾ ನೋಯ್ತಿದೆಯಾ ನಿಂಗೆ?" ಎಂದು ಕೇಳಿದಳು. ಹುಟ್ಟಿದಾಗಿನಿಂದ ಅಪ್ಪನನ್ನು ನೀವು ಎಂದೇ ಮಾತನಾಡಿಸಿದವಳು ಅವಳು. ನೀನು ಎಂಬುದು ಬಾಯಿಗೆ ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

ಅಪ್ಪ ತಲೆಯಾಡಿಸಿದ. ಎಡಗೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡು, ಕಪಾಟನ್ನು ನೋಡಿ, ಅವಳನ್ನು ನೋಡಿ, ಮತ್ತೆ ಕಪಾಟನ್ನು ನೋಡಿದ. ಹಿಡಿತದಲ್ಲಿ ಹಳೆಯ ಬಲ ಸ್ವಲ್ಪವೂ ಇರಲಿಲ್ಲ. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ಹೊದಿಕೆಯ ಒಳಗೆ ಸೇರಿಸಿದಳು.

"ಸ್ವಲ್ಪ ದಿನ ಹಲ್ಲು ಕಚ್ಕೊಂಡು ಇರು ಅಪ್ಪ," ಎಂದಳು.

ದೀಪ ಆರಿಸಿ ನೆಲದ ಹಾಸಿಗೆಯಲ್ಲಿ ಕಾಲು ಚಾಚಿದಳು. ಸ್ವಲ್ಪ ಹೊತ್ತಿಗೆ ಮಂಚದ ಮೇಲೆ ಸದ್ದು ಶುರುವಾಯಿತು. ಅವಳು ಕಿವಿಗೊಟ್ಟು ಕೇಳಿದಳು, ಆಕಳಿಸಿದಳು, ಮಗ್ಗುಲಾದಳು. ಬೆಳಿಗ್ಗೆ ಕೆಲಸಕ್ಕೆ ಹೊತ್ತಾಯಿತೆಂದು ಅತ್ತಿಗೆಯೇ ಬಂದು ಅವಳನ್ನು ಅಲುಗಾಡಿಸಿ ಎಬ್ಬಿಸಬೇಕಾಯಿತು.