ಬಾಟಲಿಯೊಳಗಿನ ಬೆಳ್ಳಿ

ಹತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದ ಮೇಲೆ, ಮೂವತ್ನಾಲ್ಕನೆಯ ವಯಸ್ಸಿನಲ್ಲಿ ಆಕೆ ಸಂಶೋಧನೆಗೆ ಸೇರಿದಳು. ನೀರಿನಲ್ಲಿ ತೇಲುವ ಬೆಳ್ಳಿಯ ಕಣಗಳ ಗಾತ್ರವನ್ನು ವಿದ್ಯುತ್ತಿನಿಂದ ಅಳೆಯುವುದು ಅವಳ ಕೆಲಸ. ಕೂದಲಿಗಿಂತ ತೆಳುವಾದ ಇಂಗಾಲದ ಎಳೆಯೊಂದನ್ನು ಉಪ್ಪು ಬೆರೆಸಿದ ಆ ನೀರಿನಲ್ಲಿ ಅದ್ದಿ ವೋಲ್ಟೇಜು ಕೊಟ್ಟರೆ, ಬಂದು ತಾಗಿದ ಕಣ ಅಲ್ಲೇ ಕರಗಿಹೋಗುತ್ತದೆ. ಕರಗುವಾಗ ಅದರ ಪ್ರತಿ ಪರಮಾಣುವೂ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಪರದೆಯ ಮೇಲಿನ ಗೆರೆಯಲ್ಲಿ ಸಣ್ಣದೊಂದು ಮುಳ್ಳು ಏಳುತ್ತದೆ. ಆ ಮುಳ್ಳಿನಲ್ಲಿ ಹರಿದ ವಿದ್ಯುತ್ತನ್ನು ಲೆಕ್ಕ ಹಾಕಿದರೆ ಪರಮಾಣು ಎಷ್ಟೆಂದು ತಿಳಿಯುತ್ತದೆ. ಅದರಿಂದ ಕಣದ ಗಾತ್ರವೂ.

ಐದು ತಿಂಗಳಾದರೂ ಅವಳಿಗೆ ಒಂದು ಮುಳ್ಳೂ ಕಂಡಿರಲಿಲ್ಲ. ಗೆರೆ ಉದ್ದಕ್ಕೂ ನಡುಗುತ್ತಿತ್ತು.

ಒಂದು ಬೆಳಿಗ್ಗೆ, ಅವಳು ಮನೆಯಲ್ಲೇ ಮರೆತಿದ್ದ ಕನ್ನಡಕ ಹಿಡಿದು ಸೋದರಮಾವ ಲ್ಯಾಬಿಗೆ ಬಂದರು. ಕಿವುಡರ ಕಿವಿಗೆ ಹಾಕುವ ಯಂತ್ರಗಳನ್ನು ರಿಪೇರಿ ಮಾಡುತ್ತಲೇ ತಲೆ ನರೆತವರು.

“ಏನೇ ಪುಟ್ಟಿ, ಗೆರೆಗೆ ಚಳಿಜ್ವರ ಬಂದಿದೆಯಾ?”

“ಹೂಂ ಮಾಮ. ಉಪ್ಪುನೀರು ಬದಲಾಯಿಸಿ ಬದಲಾಯಿಸಿ ಸಾಕಾಗಿಹೋಯ್ತು.”

ಮಾಮ ಹೋಗಿ ಟ್ಯೂಬ್‌ಲೈಟ್ ಆರಿಸಿದರು. ನಡುಕ ಅರ್ಧಕ್ಕೆ ಇಳಿಯಿತು.

“ತಪ್ಪು ನಿನ್ನ ನೀರಿಂದಲ್ಲ. ಹೊರಗಿನ ಗಲಾಟೆ ಒಳಗೆ ಬರ್ತಿದೆ.”

“ಅದು ಬರಬಾರದು ಅಂತಾನೇ ಈ ತಗಡಿನ ಪೆಟ್ಟಿಗೆ ಇರೋದು. ಅರ್ಥ್ ವೈರೂ ಇದೆ.”

ಮಾಮ ಆ ವೈರನ್ನು ಬೆರಳುಗಳ ನಡುವೆ ನಿಧಾನಕ್ಕೆ ಎಳೆಯುತ್ತ ಹೋದರು. ಒಂದು ಕಡೆ ಅದು ಹಗ್ಗದ ಹಾಗೆ ಮೆತ್ತಗೆ ಮಡಚಿಕೊಂಡಿತು. “ಮೇಲೆ ಚೆನ್ನಾಗೇ ಇದೆ, ಒಳಗೆ ತುಂಡಾಗಿದೆ. ನಮ್ಮಲ್ಲಿ ದಿನಾ ಇದೇ ಗೋಳು.”

ಹೊಸ ವೈರು ಕಟ್ಟಿ, ಪೆಟ್ಟಿಗೆ ಮುಚ್ಚಿದರು. ಗೆರೆ ನೆಟ್ಟಗೆ ಮಲಗಿತು. ಎರಡು ಹನಿ ಬೆಳ್ಳಿ ನೀರು ಹಾಕಿ ಇಬ್ಬರೂ ಪರದೆಯನ್ನೇ ನೋಡುತ್ತ ಕೂತರು. ಒಂದು ಮುಳ್ಳು ಎದ್ದಿತು. ಸ್ವಲ್ಪ ಹೊತ್ತಿಗೆ ಮತ್ತೊಂದು. ಆಮೇಲೆ ಒಟ್ಟೊಟ್ಟಿಗೆ ಮೂರು. ಅವಳು ಮಾಮನ ತೋಳು ಬಿಗಿಯಾಗಿ ಹಿಡಿದುಕೊಂಡಳು.

“ಕೈ ಬಿಡೇ, ರಕ್ತ ಓಡ್ತಿಲ್ಲ,” ಎಂದರು ಮಾಮ, ಕಣ್ಣು ಮಾತ್ರ ಪರದೆಯ ಮೇಲೇ ಇಟ್ಟು.

ಮರುವಾರ ಅವಳ ಗೈಡ್ ಮೇಡಂ, ಕಿಟಕಿಯ ಬಳಿಯಿದ್ದ ಒಂದು ಬಾಟಲಿ ತಂದು ಮೇಜಿನ ಮೇಲಿಟ್ಟರು. ಅದಕ್ಕೆ ಚೀಟಿ ಇರಲಿಲ್ಲ. “ಇದರ ಗಾತ್ರ ಹೇಳಿ ನೋಡೋಣ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನಾನು ಆಗಲೇ ನೋಡಿದ್ದೀನಿ.”

ಆಕೆ ಆರುನೂರು ಮುಳ್ಳುಗಳನ್ನು ಅಳೆದಳು. “ಇಪ್ಪತ್ತೆಂಟು ನ್ಯಾನೋಮೀಟರ್, ಮೇಡಂ.”

“ನಲವತ್ತು,” ಎಂದರು ಮೇಡಂ. ಅಷ್ಟೇ ಹೇಳಿ ಹೊರಟುಹೋದರು.

ಅವಳ ಮುಖ ಬಾಡಿತು. ಗಾತ್ರ ನಲವತ್ತಾಗಿದ್ದರೆ ಒಂದೊಂದು ಕಣದಲ್ಲಿ ಸುಮಾರು ಇಪ್ಪತ್ತು ಲಕ್ಷ ಪರಮಾಣುಗಳಿರಬೇಕು. ಅವಳ ಎಣಿಕೆಗೆ ಏಳು ಲಕ್ಷವೂ ಸಿಕ್ಕಿರಲಿಲ್ಲ. ಲೆಕ್ಕವನ್ನು ಮೊದಲಿನಿಂದ ಮಾಡಿದಳು, ಅದೇ ಬಂತು. ಗಾತ್ರ ಗೊತ್ತಿದ್ದ ಇನ್ನೊಂದು ಬಾಟಲಿಯನ್ನು ಅಳೆದಳು, ಉತ್ತರ ಕರಾರುವಾಕ್ಕಾಗಿತ್ತು. ಹಾಗಾದರೆ ತಪ್ಪು ತನ್ನದಲ್ಲ. ಮೆಟ್ಟಿಲು ಹತ್ತಿ ಮೇಡಂ ಕೋಣೆಗೆ ಹೋದಳು.

“ನೀವು ಫೋಟೋ ತೆಗೆದದ್ದು ಯಾವತ್ತು ಮೇಡಂ?”

“ಮೂರು ವಾರ ಆಯ್ತು. ಯಾಕೆ?”

“ಆಮೇಲೆ ಅದಕ್ಕೆ ನೀರು ಬೆರೆಸಿದ್ರಾ?”

“ಬೆರೆಸಿ ಕಿಟಕಿ ಹತ್ರ ಇಟ್ಟಿದ್ದೆ...” ಮಾತು ಅರ್ಧಕ್ಕೇ ನಿಂತಿತು. ಮೇಡಂ ಅವಳ ಮುಖ ನೋಡಿದರು. “ಮುಚ್ಚಳ ಸಡಿಲ ಇತ್ತು.”

“ಗಾಳಿ ಸೇರಿದೆ. ಅದರ ಆಮ್ಲಜನಕಕ್ಕೆ ಬೆಳ್ಳಿ ಕರಗಿ, ಕಣ ಸವೀತಾ ಬಂದಿದೆ. ಅದು ನಲವತ್ತಿದ್ದದ್ದು ನಿಜ, ಆದರೆ ಇವತ್ತು ಇಪ್ಪತ್ತೆಂಟೇ.”

ಮೈಕ್ರೋಸ್ಕೋಪಿನ ಸರದಿಗೆ ಸಾಮಾನ್ಯವಾಗಿ ಹದಿನೈದು ದಿನ ಕಾಯಬೇಕು. ಮೇಡಂ ಫೋನಿನಲ್ಲಿ ಯಾರನ್ನೋ ಗೋಗರೆದು ಮಾರನೆಯ ಮಧ್ಯಾಹ್ನಕ್ಕೇ ಒಂದು ಗಂಟೆ ಗಿಟ್ಟಿಸಿದರು. ಕತ್ತಲೆ ಕೋಣೆಯಲ್ಲಿ ಇಬ್ಬರೂ ಒಂದೇ ಸ್ಟೂಲಿನ ಮೇಲೆ ಒತ್ತಿಕೊಂಡು ಕೂತರು. ಪರದೆಯ ಮೇಲೆ ಕರಿ ಚುಕ್ಕೆಗಳು ಮೂಡಿದವು. ಆಪರೇಟರು ಒಂದೊಂದನ್ನೇ ಅಳೆದು ಹೇಳುತ್ತ ಹೋದ: “ಇಪ್ಪತ್ತೇಳು. ಇಪ್ಪತ್ತೊಂಬತ್ತು. ಇಪ್ಪತ್ತೆಂಟು. ಇದೂ ಇಪ್ಪತ್ತೆಂಟು.”

ಮೇಡಂ ನಗತೊಡಗಿದರು. ಇಷ್ಟು ದಿನದಲ್ಲಿ ಅವರು ಹಾಗೆ ನಕ್ಕದ್ದನ್ನು ಆಕೆ ನೋಡಿರಲಿಲ್ಲ. “ನಾನು ಹಳೇ ಫೋಟೋ ನಂಬಿಕೊಂಡು ನಿಮ್ಮನ್ನ ಫೇಲ್ ಮಾಡ್ತಿದ್ದೆ ಕಣ್ರೀ.”

“ದಿನಾ ಅಳೆದರೆ ಮೇಡಂ, ಅದು ಹೇಗೆ ಸವೆಯುತ್ತೆ ಅಂತ ಒಣಗಿಸದೆ ನೀರಲ್ಲೇ ನೋಡಬಹುದು.”

“ದಿನಾ ಯಾಕೆ, ಗಂಟೆಗೊಂದು ಸಲ ಅಳೀರಿ. ಹೊಸ ಬಾಟಲಿ ಈಗಲೇ ತೆಗೀರಿ.”

ಹೊರಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಇಬ್ಬರೂ ಲ್ಯಾಬಿನ ಕಡೆ ಬಿರಬಿರನೆ ನಡೆದರು. ಕೊನೆಯ ಹತ್ತು ಹೆಜ್ಜೆ ಆಕೆ ಓಡಿಯೇಬಿಟ್ಟಳು.